ಹಳೆಯ ಸ್ಪ್ರಿಂಗು, ಅವ್ವನ ಭಂಡಾರ

ನಾರಾಯಣಖೇಡ
೧೨ ಫೆಬ್ರುವರಿ ೨೦೨೫

ಭೀಮಾಶಂಕರ ಅವರಿಗೆ,

ಗಂಡನ ಹೆಸರು ಹಿಡಿದು ಬರೆದಳೆಂದು ಸಿಟ್ಟು ಬಂದರೆ ಬರಲಿ. ನಾನು ಚೆನ್ನಾಗಿದ್ದೇನೆ. ನಿಮ್ಮ ಕ್ಷೇಮ ವಿಚಾರಿಸಲು ಇದನ್ನು ಬರೆಯುತ್ತಿಲ್ಲ. ಫೋನಿನಲ್ಲಿ ನೀವು ನನಗೆ ಒಂದು ಮಾತನ್ನೂ ಪೂರ್ತಿ ಆಡಗೊಡುವುದಿಲ್ಲ, ನಡುವೆಯೇ ಬಾಯಿ ಹಾಕಿ ಎತ್ತಲೋ ಒಯ್ಯುತ್ತೀರಿ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ. ತೆಲುಗು ಓದಿದಷ್ಟು ಸಲೀಸಾಗಿ ನಿಮಗೆ ಕನ್ನಡ ಓದಲು ಬಾರದು, ಅದೂ ಒಳ್ಳೆಯದೇ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿ.

ಜೈಪಾಲರ ಬಿಳಿ ಕಾರಿನ ಎಂಜಿನ್ ಹೆಡ್ಡು ಹೋದ ವಾರ ನನ್ನ ಕೈಗೆ ಬಂತು. ದಸರೆಯ ಹೊತ್ತಿಗೆ ಅಪಘಾತವಾದಾಗಿನಿಂದ ಆ ಕಾರು ತಾಂಡೂರಿನಲ್ಲಿ ಅವರ ಕಲ್ಲು ಪಾಲಿಶಿನ ಅಂಗಳದಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತಿತ್ತಂತೆ. ಈಗ ರಿಪೇರಿ ಮಾಡಿಸುವ ಮನಸ್ಸಾಗಿ, ಅದೇ ಊರಿನಲ್ಲಿ ನಾನು ಕೆಲಸಕ್ಕಿರುವ ಅಂಗಡಿಗೇ ತಂದರು. ನಾನಿರುವುದು ಗೊತ್ತಿದ್ದು ತಂದರೋ, ಗೊತ್ತಿಲ್ಲದೆ ತಂದರೋ, ನಾನು ಕೇಳಲಿಲ್ಲ. ನೀವು ಬಿಚ್ಚಗೊಡದ ಎಂಜಿನ್ ತಾನಾಗಿಯೇ ನನ್ನ ಮೇಜಿಗೆ ಬಂತು, ನನಗೆ ಅಷ್ಟು ಸಾಕಾಗಿತ್ತು.

ಹೆಡ್ಡು ಬಿಚ್ಚಿದೆ. ಮೊದಲು ನೋಡಿದ್ದು ಎಣ್ಣೆ ಹರಿಯುವ ತೂತುಗಳನ್ನು. ತಂತಿ ಹಾಕಿದೆ, ಗಾಳಿ ಬಿಟ್ಟೆ, ಟಾರ್ಚು ಹಿಡಿದೆ. ಎಲ್ಲೂ ಅವ್ವ ಹಾಕಿದ ಅರಿಸಿನದ ಒಂದು ಕಣವೂ ಇಲ್ಲ. ಕ್ಯಾಮ್‌ಶಾಫ್ಟ್ ಕೂತು ತಿರುಗುವ ಜಾಗದಲ್ಲಿ ಒಂದು ಗೀರೂ ಇಲ್ಲ. ಎಣ್ಣೆ ಸಿಗದೆ ಕೆಟ್ಟ ಎಂಜಿನ್ ಹೀಗಿರುವುದಿಲ್ಲ ಅಂತ ನನಗೆ ಕಲಿಸಿದವರು ನೀವೇ. ಆಮೇಲೆ ವಾಲ್ವುಗಳ ಮೇಲೆ ಟೋಪಿಯ ಹಾಗೆ ಕೂರುವ ಟ್ಯಾಪೆಟ್ಟುಗಳನ್ನು ಒಂದೊಂದಾಗಿ ಎತ್ತಿದೆ. ಅವುಗಳ ಕೆಳಗೆ ಸ್ಪ್ರಿಂಗುಗಳು ಕೂತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ ನನ್ನ ಕೆಂಪು ನೇಲ್ ಪಾಲಿಶ್ ಇತ್ತು. ಬಿಸಿಗೆ ಕಪ್ಪಾಗಿತ್ತು, ಆದರೂ ನನಗೆ ಗುರುತು ಸಿಗದೆ ಇರುತ್ತದೆಯೇ?

ಆ ಬಣ್ಣ ಹಚ್ಚಿದ್ದು ತೆಗೆದಿಟ್ಟ ಹಳೆಯವು ಬರಲಿದ್ದ ಹೊಸವುಗಳ ಜತೆ ಬೆರೆಯದಿರಲಿ ಅಂತ. ಜೈಪಾಲರಿಗೆ ಹೈದರಾಬಾದಿನ ರೇಸಿಗೆ ಕಾರು ಬೇಕಿತ್ತು. ವಾಲ್ವುಗಳನ್ನು ಇನ್ನೂ ಎತ್ತರಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆದಿಡುವ ಹೊಸ ಕ್ಯಾಮ್‌ಶಾಫ್ಟ್ ತರಿಸಿದಿರಿ. ಅಂಥದ್ದನ್ನು ಹಾಕಿದ ಮೇಲೆ ವಾಲ್ವನ್ನು ಎಳೆದು ಮುಚ್ಚುವ ಸ್ಪ್ರಿಂಗೂ ಬಿಗಿಯಾದದ್ದೇ ಬೇಕು. ಇಲ್ಲದಿದ್ದರೆ ಎಂಜಿನ್ ಜೋರಾಗಿ ತಿರುಗುವಾಗ ವಾಲ್ವು ಮುಚ್ಚುವುದರೊಳಗೆ ಪಿಸ್ಟನ್ ಮೇಲೆ ಬಂದು ಬಡಿಯುತ್ತದೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ನನ್ನ ಹೊಟ್ಟೆ ಉರಿಯುವುದು. ಕ್ಯಾಮ್‌ಶಾಫ್ಟ್ ಬಂತು, ಸ್ಪ್ರಿಂಗಿನ ಪಾರ್ಸೆಲ್ ಬರಲಿಲ್ಲ. ನೀವೋ ಶನಿವಾರ ಕಾರು ಕೊಟ್ಟೇ ಕೊಡುತ್ತೇನೆಂದು ಜಹೀರಾಬಾದಿನ ಹೆದ್ದಾರಿಯ ಅಂಗಡಿಯವರ ಮುಂದೆಲ್ಲ ಮೀಸೆ ತಿರುವಿ ಬಂದಿದ್ದಿರಿ. ನಾನು ಕೊಹೀರಿಗೆ ಹೋಗಿ ಬರುವುದರೊಳಗೆ ಟ್ಯಾಪೆಟ್ಟು, ಕ್ಯಾಮ್‌ಶಾಫ್ಟ್ ಎಲ್ಲ ಕೂರಿಸಿ ಆಗಿತ್ತು. ಕೆಳಗೇನಿದೆ ಅಂತ ನೋಡುವ ಹಾಗಿರಲಿಲ್ಲ. ಪಾರ್ಸೆಲ್ ಬಂತೇ ಅಂತ ಕೇಳಿದೆ. ಬೆಳಗಿನ ಬಸ್ಸಿಗೇ ಬಂತು ಅಂದಿರಿ. ನನ್ನ ಮುಖ ನೋಡಿಕೊಂಡೇ ಅಂದಿರಿ.

ಅಷ್ಟರಲ್ಲಿ ಅವ್ವ ನಮ್ಮ ಗ್ಯಾರೇಜಿಗೆ ಬಂದಳು. ಕುರಿ ಸಾಕುವ ನಮ್ಮ ಮನೆಯಲ್ಲಿ ಯಾವುದೇ ಹೊಸ ಕೆಲಸಕ್ಕೂ ಮೈಲಾರ ಮಲ್ಲಣ್ಣನ ಭಂಡಾರ ಬೀಳಬೇಕು. ಉಣ್ಣೆ ಕತ್ತರಿಸುವ ಕತ್ತರಿಗೂ ಬೀಳುತ್ತದೆ, ಈಗಷ್ಟೇ ಹುಟ್ಟಿದ ಮರಿಯ ಹಣೆಗೂ ಬೀಳುತ್ತದೆ. ಸೆರಗಿನ ಗಂಟು ಬಿಚ್ಚಿ, ಆ ಅರಿಸಿನದ ಪುಡಿಯನ್ನು ಒಂದು ಚಿಟಿಕೆ ಕ್ಯಾಮ್‌ಶಾಫ್ಟಿನ ಮೇಲೆ ಹಾಕಿ ಕೈಮುಗಿದಳು. ಮುಚ್ಚಳದ ಮೇಲೆ ಹಾಕಬೇಕಾದದ್ದನ್ನು ತೆರೆದ ಎಂಜಿನ್ನಿನೊಳಗೆ ಹಾಕಿದಳು, ಅಷ್ಟೇ. ನೀವೂ ಕೈಮುಗಿದಿರಿ. ಅವಳು ಚಹಾ ಕುಡಿಯಲು ಆಚೆ ಹೋದಾಗ ನಾನು ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಎಲ್ಲವನ್ನೂ ಒರೆಸಿದೆ, ಗಾಳಿ ಬಿಟ್ಟೆ, ಮೇಲೆ ಹೊಸ ಎಣ್ಣೆ ಸುರಿದೆ. ನೀವು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದಿರಿ. ಸ್ವಚ್ಛ ಆಯಿತು, ಮುಚ್ಚು ಅಂದವರು ನೀವೇ.

ಓಡಿಸಿ ನೋಡಲು ನನ್ನ ತಮ್ಮ ಸುನೀಲನನ್ನು ಕೂರಿಸಿದಿರಿ. ನೀವು ಕೂರಲಿಲ್ಲ. ಆಗ ನನಗೆ ಇದು ಹೊಳೆದಿರಲಿಲ್ಲ, ಈಗ ಇದನ್ನು ಬಿಟ್ಟು ಬೇರೆ ಏನೂ ಹೊಳೆಯುತ್ತಿಲ್ಲ. ನ್ಯಾಲ್ಕಲ್ ರಸ್ತೆಯಲ್ಲಿ ಪ್ಲಾಟು ಮಾರಾಟವಾಗದೆ ಬಿದ್ದಿರುವ ವೆಂಚರು ಅನ್ನುವ ಬಡಾವಣೆಯ ಡಾಂಬರಿನ ಮೇಲೆ ಅವನು ಕಾರು ಬಿಟ್ಟ. ಮನೆಗಳಿಲ್ಲದ ರಸ್ತೆ, ಯಾರಿಗೂ ತೊಂದರೆಯಿಲ್ಲ ಅಂತ ನೀವೇ ಆರಿಸಿದ ಜಾಗ. ಎಂಜಿನ್ ಒಳಗೇ ಮುರಿದು ಚಕ್ರ ಹಿಡಿದುಕೊಂಡಿತು, ಕಾರು ತಿರುಗಿ ಹೋಗಿ ಬಡಾವಣೆಯ ಬಾಗಿಲ ಕಮಾನಿನ ಕಂಬಕ್ಕೆ ಬಡಿಯಿತು. ಅವನು ಬದುಕಿದ. ಬಲಗೈ ಈಗಲೂ ಭುಜಕ್ಕಿಂತ ಮೇಲೆ ಏಳುವುದಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ನಮ್ಮ ಬಳಗವೆಲ್ಲ ನಿಂತಿತ್ತು. ಯಾರೋ ಹೇಗಾಯಿತು ಅಂತ ಕೇಳಿದರು. ನೀವು ಕೂಗಾಡಿದ್ದರೂ ಚೆನ್ನಾಗಿರುತ್ತಿತ್ತು. ತಲೆ ತಗ್ಗಿಸಿಕೊಂಡು, ಬಹಳ ನೊಂದವರ ಹಾಗೆ ಹೇಳಿದಿರಿ: "ಅತ್ತಿಯೋರು ಭಂಡಾರ ಹಾಕಿದ್ರಲ್ರಿ, ಎಣ್ಣಿ ತೂತು ಮುಚ್ಯಾವ. ಭಕ್ತಿಲೆ ಮಾಡ್ಯಾರ, ನಾ ಏನ್ ಅನ್ಲಿ?" ಅವ್ವ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದರು. ಎಷ್ಟು ನಯವಾಗಿ ಗೂಬೆ ಕೂರಿಸಿ ಕೈ ತೊಳೆದುಕೊಂಡಿರಿ! ಎಂಜಿನ್ ಬಿಚ್ಚಿ ನೋಡೋಣ ಅಂತ ನಾನು ಹಟ ಹಿಡಿದೆ. ನಿಮ್ಮವ್ವನೇ ದೊಡ್ಡವಳಾದರೆ ಅಲ್ಲಿಗೇ ಹೋಗು ಅಂದಿರಿ, ಬಂದೆ. ನಾನು ಮನೆ ಬಿಟ್ಟ ಕಾರಣವನ್ನು ನೀವು ಊರಿಗೆಲ್ಲ ಬೇರೆ ಥರ ಹೇಳಿದ್ದೀರೆಂದು ಕೇಳಿದ್ದೇನೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಹೇಳಿಕೊಳ್ಳಿ.

ನನ್ನ ತಕರಾರು ಅವ್ವನದು. ಅಂದಿನಿಂದ ಅವಳು ಭಂಡಾರ ಮುಟ್ಟಿಲ್ಲ. ಈ ಸಲ ಕುರಿಗಳು ಮರಿ ಹಾಕಿದಾಗ ದೊಡ್ಡಿಯ ಹೊರಗೇ ನಿಂತಳು, ಅಪ್ಪನೇ ಎಲ್ಲದಕ್ಕೂ ಹಚ್ಚಿದ. ಸುನೀಲ ಅಂಗಿ ತೊಡಲು ಒದ್ದಾಡುವಾಗ ಎದ್ದು ಹೊರಗೆ ಹೋಗಿಬಿಡುತ್ತಾಳೆ. ಈ ತಿಂಗಳ ಕೊನೆಗೆ ಅವನ ಮದುವೆ. ಹುಡುಗಿ ರಾಯಿಕೋಡಿನವಳು, ಸ್ವಾತಿ ಅಂತ. ಮದುಮಕ್ಕಳಿಗೆ ಅರಿಸಿನ ಹಚ್ಚಲು ಮೊದಲ ಕೈ ತಾಯಿಯದಾಗಬೇಕು. ಅವ್ವ ಒಲ್ಲೆ ಅಂತಾಳೆ. "ನನ್ನ ಕೈ ಛಲೋ ಇಲ್ಲವ್ವ. ಆ ಪೋರಿ ಹೊಸದಾಗಿ ಬರಾಕತ್ಯಾಳ, ಆಕಿ ಮ್ಯಾಲ ನನ್ನ ಕೈ ಬೀಳೂದು ಬ್ಯಾಡ" ಅಂದಳು. ಹೆತ್ತ ಮಗನ ಮದುವೆಯಲ್ಲಿ ತಾಯಿ ಪಡಸಾಲೆಯ ಮೂಲೆ ಹಿಡಿದು ಕೂರುವುದನ್ನು ನಾನು ನೋಡಬೇಕೇನು?

ನೀವು ಕೇಳಬಹುದು, ಸ್ಪ್ರಿಂಗು ಸಿಕ್ಕಿತಲ್ಲ, ನೀನೇ ಹೇಳಬಾರದೇ ಅಂತ. ಹೇಳಿದೆ. ತಾಂಡೂರಿನಿಂದ ಒಂದು ಹಳೆಯದು, ಒಂದು ಹೊಸದು ಚೀಲದಲ್ಲಿ ಹಾಕಿಕೊಂಡು ಬಂದು ಅವಳ ಅಂಗೈಯಲ್ಲಿಟ್ಟೆ. ಎರಡನ್ನೂ ಒತ್ತಿ ನೋಡಲು ಹೇಳಿದೆ. ಅವಳಿಗೆ ತಿಳಿಯುವ ಹಾಗೆ ದೊಡ್ಡಿಯ ಬಾಗಿಲ ಪಡಕಿನ ಲೆಕ್ಕದಲ್ಲಿ ಹೇಳಿದೆ: ಪಡಕನ್ನು ಅಗಲಕ್ಕೆ ನೂಕುವವನು ಹೊಸಬ, ಹಿಂದಕ್ಕೆಳೆಯುವ ಹಗ್ಗ ಹಳೆಯದು, ಮುಚ್ಚುವುದರೊಳಗೆ ಟಗರು ಬಂದು ಗುದ್ದಿತು. ತಿಳಿಯಿತು ಅವಳಿಗೆ. ಹಳೆಯದು ಸಡಿಲ ಅಂತ ತಾನೇ ಅಂದಳು. ಆಮೇಲೆ ಎರಡನ್ನೂ ನನ್ನ ಕೈಗೆ ಕೊಟ್ಟು ಹೀಗಂದಳು: "ನೀ ನನ್ನ ಮಗಳು, ನನ್ನ ಕಡಿಗೇ ಮಾತಾಡ್ತಿ. ಎಂಜಿನ್ ವಿಷ್ಯ ಅಳಿಯಾಗ ಗೊತ್ತು. ಆತ ಸುಳ್ಳ್ಯಾಕ ಹೇಳ್ಯಾನು?"

ಕೇಳಿಸಿತೇ? ನಿಮ್ಮ ಬಾಯಿಂದ ಬಂದ ಸುಳ್ಳನ್ನು ನಿಮ್ಮ ಬಾಯಿಯೇ ತೆಗೆಯಬೇಕು, ಬೇರೆ ಯಾರ ಮಾತೂ ಅವಳಿಗೆ ತಾಕುವುದಿಲ್ಲ. ನಿಮ್ಮನ್ನು ಏನನ್ನೂ ಕೇಳಬಾರದು ಅಂತಿದ್ದ ನನಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿಲ್ಲ. ಅರಿಸಿನದ ದಿನಕ್ಕೆ ಮೊದಲು ಬನ್ನಿ. ಅವ್ವನ ಎದುರು ಕೂತು, ಬಳಗದವರು ಕೇಳುವ ಹಾಗೆ, ಸ್ಪ್ರಿಂಗು ಹಳೆಯದಿತ್ತು, ಹಾಕಿದವನು ನಾನು, ಭಂಡಾರದ್ದೇನೂ ತಪ್ಪಿಲ್ಲ ಅಂತ ಹೇಳಿ. ಊಟ ಮಾಡಬೇಕೆಂದಿಲ್ಲ. ಹೇಳಿ, ಬಂದ ಬಸ್ಸಿಗೇ ಹೋಗಿ.

ಬಂದು ಹೇಳಿದರೆ ನಾನು ಜಹೀರಾಬಾದಿಗೆ ವಾಪಸು ಬರುತ್ತೇನೆ ಅಂದುಕೊಳ್ಳಬೇಡಿ, ಬರುವುದಿಲ್ಲ. ಜೈಪಾಲರಿಗೆ ಇನ್ನೂ ಏನೂ ಹೇಳಿಲ್ಲ. ನೀವು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ, ಯಾಕೆಂದರೆ ಆ ಕಾರಿನಲ್ಲಿ ನಾಳೆ ಕೂರುವವರು ಅವರು. ನಾನು ನಿಮ್ಮ ಜತೆ ವ್ಯಾಪಾರ ಮಾಡಲು ಕೂತಿಲ್ಲ. ವಾಲ್ವು ಕೂರಿಸುವುದು, ಸಂದು ಅಳೆಯುವುದು, ಹೆಡ್ಡು ಮುಚ್ಚುವ ಮೊದಲು ಇನ್ನೊಮ್ಮೆ ನೋಡುವುದು, ಎಲ್ಲ ನಿಮ್ಮಿಂದಲೇ ಕಲಿತೆ. ನನ್ನ ಅನ್ನ ಅದರಿಂದಲೇ ನಡೆಯುತ್ತಿದೆ, ಇಲ್ಲ ಅನ್ನುವುದಿಲ್ಲ. ಅಷ್ಟು ಒಳ್ಳೆಯ ಕೆಲಸಗಾರನಿಗೆ ಪಾರ್ಸೆಲ್ ಬಂದಿಲ್ಲ, ನಾಲ್ಕು ದಿನ ತಡವಾಗುತ್ತದೆ ಅಂತ ಹೇಳುವುದು ಯಾಕೆ ಆಗಲಿಲ್ಲವೋ ನನಗೆ ಇವತ್ತಿಗೂ ತಿಳಿಯದು.

ಇಷ್ಟೇ.

ಲಕ್ಷ್ಮಿಬಾಯಿಯ ಮಗಳು,
ನಾಗರತ್ನಾ

ತಾ.ಕ.: ಕವರು ಅಂಟಿಸುವಾಗ ಅವ್ವ ಬಂದು ಯಾರಿಗೆ ಬರೆಯುತ್ತಿದ್ದೀ ಅಂತ ಕೇಳಿದಳು. ನಿಮಗೆ ಅಂದೆ. ಪಕ್ಕದಲ್ಲಿ ಕೂತಳು. ತನ್ನದೂ ನಾಲ್ಕು ಮಾತು ಬರಿ ಅಂದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ನನ್ನ ಕೈಲೆ ತಪ್ಪಾತು, ಸಿಟ್ಟ ಇಟ್ಕೋಬ್ಯಾಡ್ರಿ ಅಂತ ಬರಿ. ಮದಿವಿಗೆ ಬರ್ರಿ ಅನ್ನು. ನನ್ನ ಮಾರಿ ನೋಡೂದು ಬ್ಯಾಡಂದ್ರ, ನಾ ಆವತ್ತ ಕುರಿ ಜೋಡಿ ಅಡಿವ್ಯಾಗ ಇರ್ತೀನಿ ಅಂತ ಬರಿ." ಅವಳಿಗೆ ಓದು ಬಾರದು. ಬರೆದೆಯಾ ಅಂತ ಮತ್ತೆ ಮತ್ತೆ ಕೇಳಿದಳು. ಬರೆದೆ ಅಂದೆ.