ವಾಪಸ್ ನಡೆದ ನಲವತ್ತು ಮೀಟರ್

ಉಳ್ಳಾರ್ತಿ, ಚಳ್ಳಕೆರೆ ತಾಲ್ಲೂಕು
12-8-2024, ಶ್ರಾವಣದ ಎರಡನೇ ಸೋಮವಾರ

ನನ್ನವ್ವಾ ಕಾವ್ಯಾ,

ಹಟ್ಟಿ ತಿಪ್ಪೇಸ್ವಾಮಿ ನಿನ್ನ ನೆತ್ತಿ ಕಾಯಲಿ. ಹೆಂಗಿದೀಯ ತಾಯಿ? ಕಿವಿನೋವು ಕಡಿಮೆ ಆಯ್ತಾ? ತಲೆ ಒರೆಸಿಕೊಳ್ಳದೆ ಹಸಿ ಕೂದಲು ಕಟ್ಟಿಕೊಂಡು ಕಾಲೇಜಿಗೆ ಓಡಬೇಡ ಅಂತ ಎಷ್ಟು ಸಲ ಹೇಳೋದು. ನಾನು ಚೆನ್ನಾಗಿದೀನಿ. ಮಂಡಿ ಒಂದು ಹಿಡಿಯುತ್ತೆ, ಅದು ಇದ್ದದ್ದೇ. ನಿಮ್ಮಪ್ಪ ಮಂದೆ ಹೊಡಕೊಂಡು ಹೋಗಿ ಎರಡು ತಿಂಗಳು ತುಂಬಿತು. ಈಗ ಹರಿಹರದ ಆಚೆ ಎಲ್ಲೋ ಇದಾರೆ. ನಾಲ್ಕು ದಿನಕ್ಕೊಂದು ಸಲ ಯಾರದಾದರೂ ಫೋನಿಂದ ಮಾತಾಡ್ತಾರೆ. ಮೊದಲು ಮನೇಲಿ ಬಿಟ್ಟುಹೋದ ಎರಡು ಕುರಿ ಹೆಂಗವೆ ಅಂತ ಕೇಳ್ತಾರೆ, ಆಮೇಲೆ ನನ್ನನ್ನ. ನಾನೂ ಅದೇ ಕ್ರಮದಲ್ಲಿ ಹೇಳ್ತೀನಿ. ಗಬ್ಬದ ಕುರಿ ಚೆನ್ನಾಗೈತೆ, ಕುಂಟೋ ಕರಿಕಿವಿ ಪರವಾಗಿಲ್ಲ, ನಾನೂ ಇದೀನಿ. ಒಬ್ಬಳಿಗೆ ಅಂತ ಎಸರು ಇಟ್ಟು ಮುದ್ದೆ ತಿರುವೋಕೆ ಬೇಸರ ಆಗಿ, ಬೆಳಿಗ್ಗೆ ಮಾಡಿದ್ದನ್ನೇ ಸಂಜೆಗೂ ಮುರಕೊಂಡು ತಿಂತೀನಿ. ಪಕ್ಕದ ಮನೆ ಗೀತಮ್ಮ ಗೋಡೆ ಮೇಲಿಂದ ಬಗ್ಗಿ, ಮಗಳು ಬಂದಳೇನೆ, ಯಾರ ಹತ್ರ ಮಾತಾಡ್ತಿದ್ದೆ ಅಂತಾಳೆ. ಕುರಿ ಹತ್ರ ಅನ್ನೋಕೆ ನಾಚಿಕೆ ಆಗಿ, ದೇವರ ನಾಮ ಹೇಳ್ತಿದ್ದೆ ಅಂತ ಸುಳ್ಳು ಹೇಳಿದೀನಿ. ಸ್ವಾಮಿ ಕ್ಷಮಿಸಲಿ.

ನಿನ್ನ ಕಾಗದ ಹೋದ ಮಂಗಳವಾರ ಬಂತು. ಏಳನೇ ಕ್ಲಾಸು ಓದಿದ ಕಣ್ಣು ನನ್ನದು, ಕೂಡಿಸಿ ಕೂಡಿಸಿ ಮೂರು ಸಲ ಓದಿದೆ. ಟೆಸ್ಟಿನಲ್ಲಿ ಕುರಿ ಮೇಲೆ ಒಂದು ಲೆಕ್ಕ ಬಂದಿತ್ತು, ನಿನ್ನ ಉತ್ತರ ತಪ್ಪಾಯ್ತು, ಲೆಕ್ಚರರು ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ, "ಕುರಿ ಕಾಯೋರ ಮನೆ ಹುಡುಗಿಗೇ ಕುರಿ ಲೆಕ್ಕ ಬರಲಿಲ್ಲವಲ್ಲಮ್ಮ" ಅಂದರು, ಎಲ್ಲರೂ ನಕ್ಕರು. ಇನ್ನು ನಾನು ಈ ಮೊಳಕಾಲ್ಮುರಿನಲ್ಲಿ ಇರಲ್ಲ, ಹದಿನೇಳನೇ ತಾರೀಖು ಶನಿವಾರ ಮತ್ತೆ ಟೆಸ್ಟ್ ಐತೆ, ಅದಕ್ಕೆ ಮುಂಚೆ ಬಂದು ಟಿಸಿ ಅರ್ಜಿಗೆ ಸಹಿ ಹಾಕು, ಮನೇಲಿ ನಿನ್ನ ಜೊತೆ ಇದ್ದುಬಿಡ್ತೀನಿ ಅಂತ ಬರೆದಿದೀಯ. ಆ ನಗು ನನಗೂ ಕೇಳಿಸಿದಂಗಾಯ್ತು. ಆ ಪುಣ್ಯಾತ್ಮನ ಮೇಲೆ ಸಿಟ್ಟು ಬಂದು ದೀಪದ ಮುಂದೆ ನಿಂತೇ ಆಡಬಾರದ ಮಾತು ಆಡಿಬಿಟ್ಟೆ. ಆಮೇಲೆ ತಪ್ಪುಕಾಣಿಕೆ ಕಟ್ಟಿಟ್ಟಿದೀನಿ. ಸಹಿ ವಿಷಯ ಕೊನೆಗೆ ಬರೀತೀನಿ. ಮೊದಲು ಆ ಲೆಕ್ಕ.

ಲೆಕ್ಕ ನೀನು ಬರೆದಂಗೇ ಬರೆದುಕೊಂಡೆ. ಒಂದು ಕುರಿ ಪೂರ್ವಕ್ಕೆ ನೂರಿಪ್ಪತ್ತು ಮೀಟರ್ ಅರವತ್ತು ಸೆಕೆಂಡಿನಲ್ಲಿ ಹೋಗುತ್ತೆ. ಅಲ್ಲಿಂದ ತಿರುಗಿ ಪಶ್ಚಿಮಕ್ಕೆ ನಲವತ್ತು ಮೀಟರ್ ಇಪ್ಪತ್ತು ಸೆಕೆಂಡಿನಲ್ಲಿ ಬರುತ್ತೆ. ಅದರ ಸರಾಸರಿ ವೇಗ ಎಷ್ಟು? ನೀನು ಎರಡನ್ನೂ ಕೂಡಿಸಿ ನೂರ ಅರವತ್ತು ಮಾಡಿ, ಎಂಬತ್ತರಿಂದ ಭಾಗಿಸಿ, ಸೆಕೆಂಡಿಗೆ ಎರಡು ಮೀಟರ್ ಅಂದೆ. ನನ್ನ ಕೇಳಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಕುರಿ ಹಿಂದೆ ನಡೆದವರು ಯಾರೇ ಆಗಲಿ, ನಡೆದದ್ದನ್ನೆಲ್ಲ ಲೆಕ್ಕಕ್ಕೆ ಹಿಡೀತಾರೆ. ಪಾದ ಎರಡೂ ಕಡೆ ಸವೆದಿರುತ್ತಲ್ಲ. ಆದರೆ ಲೆಕ್ಚರರು ಹೇಳಿದ ಉತ್ತರ, ಸೆಕೆಂಡಿಗೆ ಒಂದು ಮೀಟರ್, ಪೂರ್ವಕ್ಕೆ, ಅಂತ ಹೆಂಗಾಯ್ತೋ ತಿಳೀಲಿಲ್ಲ. ಶುಕ್ರವಾರ ಪೂಜೆ ಮುಗಿಸಿಕೊಂಡು ಓಂಕಾರಮೂರ್ತಿ ಮೇಷ್ಟ್ರ ಮನೆಗೆ ಹೋದೆ. ರಿಟೈರಾದ ಮೇಲೆ ಅವರು ಜಗುಲಿ ಬಿಟ್ಟು ಇಳಿಯಲ್ಲ, ಯಾರಾದರೂ ಬಂದರೆ ಸಾಕು ಅಂತ ಕಾಯ್ತಿರ್ತಾರೆ. ವಾಪಸ್ ನಡೆದ ನಲವತ್ತು ಮೀಟರ್ ಯಾರ ಮನೆಗೆ ಹೋಯ್ತು ಮೇಷ್ಟ್ರೇ ಅಂತ ಜಗಳಕ್ಕೇ ನಿಂತೆ. ಅವರು ನಗಲಿಲ್ಲ. ಕಡ್ಡಿ ತಗೊಂಡು ಮಣ್ಣಿನಲ್ಲಿ ಗೆರೆ ಎಳೆದರು. "ಎಲ್ಲೂ ಹೋಗಿಲ್ಲಮ್ಮ. ಎಷ್ಟು ನಡೀತು ಅಂತ ಅವರು ಕೇಳಿಲ್ಲ. ಹೊರಟ ಜಾಗದಿಂದ ಕೊನೆಗೆ ಯಾವ ದಿಕ್ಕಿಗೆ, ಎಷ್ಟು ದೂರದಾಗೆ ನಿಂತೈತೆ ಅಂತ ಕೇಳಿದಾರೆ. ನಿನ್ನ ಮಗಳ ಉತ್ತರ ಸರಿ ಐತೆ, ಆದರೆ ಅದು ಬೇರೆ ಪ್ರಶ್ನೆಗೆ" ಅಂದರು. ನಡೆದದ್ದನ್ನೆಲ್ಲ ಹಿಡಿದರೆ ಜವ, ಹೊರಟಲ್ಲಿಂದ ನಿಂತಲ್ಲಿಗೆ ನೇರ ಹಿಡಿದರೆ ಅದಕ್ಕೆ ಸ್ಥಾನಪಲ್ಲಟ ಅಂತಾರಂತೆ, ವೇಗಕ್ಕೆ ಅದೇ ಬೇಕಂತೆ. ನೂರಿಪ್ಪತ್ತರಲ್ಲಿ ನಲವತ್ತು ಕಳೆದರೆ ಎಂಬತ್ತು ಮೀಟರ್, ಅದನ್ನ ಎಂಬತ್ತು ಸೆಕೆಂಡಿಂದ ಭಾಗಿಸಿದರೆ ಒಂದು.

ತಲೆ ಆಡಿಸಿ ಬಂದೆ, ಆದರೆ ನಂಬಿಕೆ ಆಗಲಿಲ್ಲ. ಮನೆಗೆ ಬಂದು ಕುರಿ ಕೂಡೋ ರೊಪ್ಪದ ಗೂಟಕ್ಕೆ ಬಾವಿಹಗ್ಗದ ಒಂದು ತುದಿ ಕಟ್ಟಿದೆ, ಇನ್ನೊಂದು ತುದಿ ಕೈಯಲ್ಲಿ ಹಿಡಕೊಂಡು ಕರಿಕಿವಿನ ಹೊಡಕೊಂಡು ಹೊರಟೆ. ಸೆಕೆಂಡು ಎಣಿಸೋಕೆ ನನಗೆ ಬರಲ್ಲ, ಸ್ವಾಮಿ ನಾಮ ಎಣಿಸಿದೆ. ಹನ್ನೆರಡು ಮಾರು ಹೋಗೋಕೆ ಮೂವತ್ತಾರು ನಾಮ ಆಯ್ತು. ಅಲ್ಲಿ ಜಾಲಿಮರದ ಕೆಳಗೆ ಕಾಯಿ ಉದುರಿದ್ದವು, ಆ ಕಳ್ಳಿ ತಿಂತಾ ನಿಂತುಬಿಟ್ಟಳು. ತಿರುಗಿಸಿ ನಾಲ್ಕು ಮಾರು ವಾಪಸ್ ತಂದೆ, ಎಂಟು ನಾಮ. ಅಲ್ಲೇ ನಿಂತು ಹಗ್ಗ ಬಿಗಿಯಾಗಿ ಎಳೆದು ನೋಡಿದೆ. ಗೂಟದಿಂದ ಕುರಿತನಕ ಎಂಟೇ ಮಾರು. ಉಳಿದ ಹಗ್ಗ ನನ್ನ ಕಾಲ ಹತ್ರ ಸುತ್ತಿಕೊಂಡು ಬಿದ್ದಿತ್ತು. ಆಗ ಹೊಳೀತು ಮಗಳೇ. ಹೆಜ್ಜೆ ಹೆಜ್ಜೆನೇ, ಅದು ಸುಳ್ಳಲ್ಲ. ಆದರೆ ಪ್ರಶ್ನೆ ಹಗ್ಗದ್ದು. ಗೀತಮ್ಮ ನೋಡ್ತಾ ನಿಂತಿದ್ದಳು. "ಕುರಿನೂ ಕಾಲೇಜಿಗೆ ಸೇರಿಸ್ತೀಯೇನೆ" ಅಂದಳು. ಮಗಳಿಗಿಂತ ಮುಂಚೆ ಇದು ಪಾಸಾಗುತ್ತೆ ಅಂದೆ. ಬೇಜಾರು ಮಾಡ್ಕೋಬೇಡ, ಅವಳ ಬಾಯಿ ಮುಚ್ಚಿಸೋಕೆ ಅಂದೆ.

ಎಂಟು ಮಾರಿಗೆ ನಲವತ್ನಾಲ್ಕು ನಾಮ ಅಂತ ಬರಕೊಂಡು ಮೇಷ್ಟ್ರಿಗೆ ತೋರಿಸಿದರೆ, ಕಾಯಿ ತಿಂತಾ ನಿಂತಿದ್ದ ಹೊತ್ತು ಎಲ್ಲಿ ಅಂದರು. ನಾನು ಬಿಟ್ಟಿದ್ದೆ. ನಡೀಲಿಲ್ಲವಲ್ಲ, ಯಾಕೆ ಹಿಡೀಬೇಕು ಅಂದೆ. ನಿಂತರೆ ಹೆಜ್ಜೆ ಆಗಲ್ಲ, ಹೊತ್ತು ಆಗುತ್ತೆ, ಅದನ್ನೂ ಸೇರಿಸಬೇಕು ಅಂದರು. ನಿಂತಾಗಲೂ ನಾಮ ಎಣಿಸೋದು ಬಿಟ್ಟಿರಲಿಲ್ಲ, ಇಪ್ಪತ್ತು ಆಗಿದ್ದವು. ಅರವತ್ನಾಲ್ಕು ಆಯ್ತು, ಮಾರಿಗೆ ಎಂಟು ನಾಮ. ಟೆಸ್ಟಿನಲ್ಲಿ ಪ್ರಾಣಿ ಎಲ್ಲಾದರೂ ನಿಂತರೆ ಆ ಹೊತ್ತು ಬಿಡಬೇಡ, ನಿಮ್ಮವ್ವ ಬಿಟ್ಟು ತಪ್ಪು ಮಾಡಿದಾಳೆ. ಇನ್ನೊಂದು ಕೇಳಿದೆ. ನಮ್ಮ ಕುರಿ ಮೇಯೋ ಕಾವಲಿಗೆ ಅಡ್ಡ ಕಟ್ಟಿದಾರಲ್ಲ, ಆ ಉದ್ದ ಗೋಡೆ ಇಲ್ಲದಾಗ ನಿಮ್ಮಪ್ಪ ಅಡ್ಡ ಹಾಯ್ದು ಹುಲ್ಲಿಗೆ ಹೋಗ್ತಿದ್ದರು, ಈಗ ಬಳಸಿಕೊಂಡು ಮೂರುಪಟ್ಟು ನಡೀತಾರೆ, ಅದಕ್ಕೇನು ಲೆಕ್ಕ ಅಂದೆ. ನಡೆದದ್ದು ಮೂರುಪಟ್ಟು, ಸ್ಥಾನಪಲ್ಲಟ ಮೊದಲಿನಷ್ಟೇ, ಹೊತ್ತು ಹೆಚ್ಚಾದ್ದರಿಂದ ವೇಗ ಕಡಿಮೆ ಅಂದರು. ಲೆಕ್ಕದ ಹಗ್ಗ ಗೋಡೆಯೊಳಗೇ ತೂರಿ ಹೋಗುತ್ತಂತೆ. ನಿಮ್ಮಪ್ಪನಿಗೆ ಫೋನಲ್ಲಿ ಹೇಳಿದೆ. ಹಂಗಾದರೆ ನನ್ನ ಕಾಲುನೋವು ಯಾವ ಲೆಕ್ಕಕ್ಕೆ ಅಂದರು. ಜವದ ಲೆಕ್ಕಕ್ಕೆ ಅಂದೆ. ಮಾತಲ್ಲಿ ನಿಮ್ಮಪ್ಪನ್ನ ಸೋಲಿಸಿದ್ದು ನಾನು ಬಹಳ ವರ್ಷದ ಮೇಲೆ.

ಲೆಕ್ಚರರು ಅಂದ ಮಾತು ತಪ್ಪೇ. ಅದನ್ನ ಸರಿ ಅಂತ ನಾನು ಹೇಳಲ್ಲ. ಆದರೆ ಪ್ರಶ್ನೆ ಏನು ಕೇಳುತ್ತೆ ಅಂತ ಎರಡು ಸಲ ಓದು, ಹಗ್ಗ ಎಲ್ಲಿಂದ ಎಲ್ಲಿಗೆ ಅಂತ ನೋಡು, ದಿಕ್ಕು ಬರೆಯೋದು ಮರೀಬೇಡ. ನಕ್ಕ ಹುಡುಗೀರ ಪೈಕಿ ಆಮೇಲೆ ನಿನ್ನ ಪಕ್ಕ ಬಂದು ಕೂತಳು ಅಂತ ಬರೆದಿದ್ದೆಯಲ್ಲ, ಆ ಮಾಲತಿಗೆ ನನ್ನ ಆಶೀರ್ವಾದ ಹೇಳು. ಕಿವಿಗೆ ಹತ್ತಿ ಇಟ್ಟುಕೋ. ಸ್ವಾಮಿ ಕರಡಿಗೆಯಲ್ಲಿ ವಿಭೂತಿ ಖಾಲಿ ಆಗಿದ್ದರೆ ಈ ಕಾಗದದ ಮಡಿಕೆಯಲ್ಲಿ ಒಂದು ಚಿಟಿಕೆ ಐತೆ, ಚೆಲ್ಲಬೇಡ. ಎಲ್ಲಿದ್ದರೂ ಸುಖವಾಗಿರು ನನ್ನ ಬಂಗಾರ.

ನಿನ್ನವ್ವ,
ಕೊಲ್ಲಾಪುರಮ್ಮ

ತಾ.ಕ.: ನಮ್ಮೂರ ಬಾಲರಾಜು ಈರುಳ್ಳಿ ಗಾಡಿ ತಗೊಂಡು ಮೊಳಕಾಲ್ಮುರಿಗೆ ಹೊರಟವ್ನೆ, ಹಾರನ್ ಹೊಡೀತಾವ್ನೆ, ಕಾಗದ ಅವನ ಕೈಲೇ ಕೊಡ್ತೀನಿ. ಮುಚ್ಚಿಡೋದು ಬೇಡ. ನಿನ್ನ ಕಾಗದ ಓದಿದ ಮೇಲೆ ಗುರುವಾರ ನಾನು ಬಂದಿದ್ದೆ. ಮನೇಲಿ ನಿನ್ನ ಮಂಚದ ಕಂಬಳಿ ಒಗೆದು ಒಣಗಿಸಿ, ಇಬ್ಬರಿಗೆ ಆಗೋಷ್ಟು ಕಾಳು ನೆನೆಸಿಟ್ಟು, ಬಿ.ಜಿ. ಕೆರೆ ಮೇಲೆ ಬರೋ ಬಸ್ಸು ಹಿಡಿದು, ನಿನ್ನ ಹಾಸ್ಟೆಲ್ ಗೇಟಿನ ತನಕ ಬಂದೆ. ಯಾರು ಬೇಕಮ್ಮ ಅಂತ ವಾಚ್‌ಮನ್ ಕೇಳಿದ. ನನಗೆ ಬೇಕಾಗಿದ್ದು ಮನೇಲಿ ಮಾತಾಡೋಕೆ ಒಂದು ಜೀವ, ಅದು ಅಲ್ಲಿ ನಿಂತಾಗ ಗೊತ್ತಾಯ್ತು. ನಿನ್ನ ಕಷ್ಟಕ್ಕೆ ಅಂತ ಹೊರಟಿದ್ದೆ, ಆದರೆ ಬಂದದ್ದು ನನ್ನ ಕಷ್ಟಕ್ಕೆ. ನಿನ್ನ ಮುಖ ನೋಡಿದರೆ ಕರಕೊಂಡೇ ಬರ್ತಿದ್ದೆ, ಅದಕ್ಕೇ ನೋಡದೆ ವಾಪಸ್ ಬಂದೆ. ಸಹಿ ಹಾಕಲ್ಲ ಕಾವ್ಯಾ. ಅಳಬೇಡ. ಸಹಿಗೆ ಅಂತ ಹೊಸ ಪೆನ್ನು ತಗೊಂಡಿದ್ದೆ, ಬಾಲರಾಜು ಕೈಲಿ ಕಳಿಸಿದೀನಿ. ಶನಿವಾರ ಅದರಲ್ಲಿ ಟೆಸ್ಟ್ ಬರಿ.