ಹದಿಮೂರು ಮೆಟ್ಟಿಲು

ಮನೆಯಿಂದ,
ಮಾರ್ಚ್ ೧೪, ಗುರುವಾರ ಸಂಜೆ.
ಮನೆ ಮಾರಾಟಕ್ಕಿದೆ. ಸೋಮವಾರ ಕರಾರು.

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಡಗಾಲಿನ ಊತ ಇಳಿಯಿತೇ? ಆ ಕಾಲಿಗೆಂದೇ ಅಳತೆ ಕೊಟ್ಟು ಹೊಲಿಸಿದ ಹೊಸ ಷೂ ಕಚ್ಚುತ್ತದೆ ಎಂದು ಬರೆದಿದ್ದೆ. ಒಳಗೆ ಹತ್ತಿ ತುರುಕಿಕೊಂಡು ಸುಮ್ಮನಿದ್ದುಬಿಡಬೇಡ, ಹೊಲಿದವನ ಹತ್ತಿರವೇ ತೆಗೆದುಕೊಂಡು ಹೋಗು. ಹಾಸ್ಟೆಲಿನ ಹುಡುಗಿಯರು ವಾರ್ಡನ್ ಅಮ್ಮನಿಗೆ ಇನ್ನೂ ಹೆದರುತ್ತಾರೋ, ಇಲ್ಲ ನಿನ್ನ ಬಣ್ಣ ಅವರಿಗೂ ಗೊತ್ತಾಗಿದೆಯೋ? ನಾವು ಚೆನ್ನಾಗಿದ್ದೇವೆ. ನನ್ನವಳಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಕೆಲಸವಾಗಿದೆ. ನಕ್ಷೆ ಬರೆಯುವ ನನ್ನಂಥವನಿಗೆ ಆ ಊರಿನಲ್ಲೂ ಒಂದು ಮೇಜು ಸಿಕ್ಕೀತು. ಅದಕ್ಕೇ ಈ ಮಾರಾಟ.

ಈ ಸಣ್ಣ ಪೇಟೆಯಲ್ಲಿ ಇಂಥ ಮನೆ ಇನ್ನೊಂದಿಲ್ಲ ಎಂದು ದಲ್ಲಾಳಿ ಬಂದವರಿಗೆಲ್ಲ ಹೇಳುತ್ತಾನೆ. ಹಾಲಿಗೆ ಬಂದೊಡನೆ ಮೆಟ್ಟಿಲ ಮುಂದೆ ನಿಲ್ಲಿಸುತ್ತಾನೆ. ಗೋಡೆಯಿಂದ ನೇರ ಹೊರಚಾಚಿದ ಹದಿಮೂರು ಹಲಗೆ, ಕೆಳಗೆ ಆಧಾರವಿಲ್ಲ, ಪಕ್ಕಕ್ಕೆ ರೇಲಿಂಗ್ ಇಲ್ಲ. "ಗಾಳೀಲಿ ತೇಲ್ತವೆ ನೋಡಿ ಸಾರ್" ಎಂದು ಕೈಯನ್ನೂ ತೇಲಿಸಿ ತೋರಿಸುತ್ತಾನೆ. ಔಷಧಿ ಅಂಗಡಿಯವರೂ ಅವರ ಹೆಂಡತಿಯೂ ಅದನ್ನು ನೋಡಿಯೇ ಮನೆ ಒಪ್ಪಿದ್ದು. ಅವರ ಅತ್ತೆ ಮಾತ್ರ ಮೊದಲ ಹಲಗೆಯ ಹತ್ತಿರ ನಿಂತು, ಮೇಲಿನದೆಲ್ಲ ಇಲ್ಲಿಂದಲೇ ನೋಡಿದ್ದಾಯಿತು ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನ ಕೋಣೆಯನ್ನು ಮೇಲಿಟ್ಟದ್ದು ಬೆಳಕಿಗಾಗಿ. ಸಂಜೆ ಆರರವರೆಗೂ ದೀಪವಿಲ್ಲದೆ ಓದಬಹುದು ಎಂದು ಲೆಕ್ಕ ಹಾಕಿದ್ದೆ, ಆ ಲೆಕ್ಕ ಸರಿಯಾಗಿಯೇ ಇತ್ತು. ನಕ್ಷೆಯನ್ನು ನೀನು ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದೆ: "ಇಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಇರುತ್ತಾ?" ಗೆರೆ ಕೆಡುತ್ತದೆ ಎಂದೆ. "ಆಯ್ತು ಬಿಡಿ ಇಂಜಿನಿಯರ್ ಸಾಹೇಬ್ರೆ" ಎಂದೆ ನೀನು. ಸಿಟ್ಟು ಬಂದಾಗ ಮಾತ್ರ ನನಗೆ ಆ ಬಡ್ತಿ ಕೊಡುತ್ತಿದ್ದೆ ಎಂಬುದು ಅವತ್ತು ಏಕೋ ನೆನಪಾಗಲಿಲ್ಲ.

ಮಂಗಳವಾರ ಪೇಂಟರ್ ಬಂದಿದ್ದ. ಮೆಟ್ಟಿಲ ಪಕ್ಕದ ಗೋಡೆಗೆ ಮೂರು ಕೋಟ್ ಬೇಕು ಎಂದ. ಏಕೆ ಎಂದರೆ ಟಾರ್ಚ್ ಅಡ್ಡಡ್ಡ ಹಿಡಿದು ತೋರಿಸಿದ. ಸೊಂಟದ ಎತ್ತರದಲ್ಲಿ, ಹಲಗೆಗೊಂದರಂತೆ, ಅಂಗೈ ಅಗಲದ ಮಂಕು ಹೊಳಪು. ಹದಿಮೂರೂ ಇದ್ದವು. "ಯಾರೋ ಗೋಡೇನ ತಳ್ಕೊಂಡೇ ಹತ್ತಿದಾರೆ ಸಾರ್. ಎಷ್ಟು ವರ್ಷ?" ಎರಡು ವರ್ಷ ಎಂದೆ. ಅವನು ಉಜ್ಜುವ ಕಾಗದ ಕೈಗೆತ್ತಿಕೊಂಡ. ಇವತ್ತು ಬೇಡ ಎಂದು ಕಳಿಸಿಬಿಟ್ಟೆ. ಅರ್ಧ ದಿನದ ಕೂಲಿ ಕೊಟ್ಟರೂ ಅವನು ಮುಖ ಗಂಟು ಹಾಕಿಕೊಂಡೇ ಹೋದ.

ಇವಳು ಪಾತ್ರೆ ಕಟ್ಟುತ್ತಿದ್ದಳು. ಹತ್ತುವುದೇನೋ ಸರಿ, ಇಳಿಯುವಾಗ ಅಕ್ಕ ಏನು ಹಿಡಿಯುತ್ತಿದ್ದಳು ಎಂದು ಕೇಳಿದೆ. ತಲೆಯೆತ್ತದೆ ಹೇಳಿದಳು: "ಕೂತ್ಕೊಂಡು ಇಳೀತಿದ್ರು. ಒಂದೊಂದೇ ಮೆಟ್ಲು. ನಿಮಗೆ ಹೇಳಬೇಡ ಅಂತ ಆಣೆ ಹಾಕ್ಸಿದ್ರು." ಹಾಸ್ಟೆಲಿನ ಕೆಲಸಕ್ಕೆ ಹೊರಟಾಗ ನೀನು ಕೊಟ್ಟ ಕಾರಣ, ಅಲ್ಲಿ ಕೋಣೆಯ ಪಕ್ಕದಲ್ಲೇ ಲೈಬ್ರರಿ ಇದೆ ಎಂದು. ನಾನು ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನಾವು ಹೋಗುವ ಊರಿನಲ್ಲಿ ಬಾಡಿಗೆಗೆ ನೋಡಿರುವ ಮನೆ ಬೆಂಕಿಪೆಟ್ಟಿಗೆಯಂತಿದೆ, ನೋಡಿದರೆ ನನ್ನ ಕಣ್ಣಿಗೇ ನೋವು. ಆದರೆ ಎಲ್ಲವೂ ಒಂದೇ ಮಟ್ಟದಲ್ಲಿದೆ, ಹೊಸ್ತಿಲೂ ಇಲ್ಲ. ಪೂರ್ವದ ಕೋಣೆ ಖಾಲಿ ಇದೆ. ಅಲ್ಲಿ ಮಂಚ ಎಲ್ಲಿರಬೇಕೆಂದು ನಾನು ಯೋಚಿಸಿಲ್ಲ. ನೀನು ಬಂದು ಹೇಳಬೇಕು. ಬರಲಾರೆ ಎಂದರೂ ತಪ್ಪು ತಿಳಿಯುವುದಿಲ್ಲ.

ಕಾಲು ನೋಡಿಕೋ. ಇವಳು ನೆನಪು ಹೇಳಿದ್ದಾಳೆ.

ನಿನ್ನ ತಮ್ಮ

ಮರೆತೆ: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನೀನು ಕೂತು ಇಳಿಯುತ್ತಿದ್ದದ್ದು ಇವಳು ಹೇಳಿ ನನಗೆ ಗೊತ್ತಾದದ್ದಲ್ಲ. ಮೊದಲ ವರ್ಷವೇ ಒಂದು ಬೆಳಿಗ್ಗೆ ಸ್ಕೇಲ್ ಮರೆತು ವಾಪಸು ಬಂದಿದ್ದೆ. ಕಿಟಕಿಯ ಗಾಜಿನಾಚೆಯಿಂದ ನೋಡಿದೆ. ನೀನು ಐದನೇ ಹಲಗೆಯ ಮೇಲೆ ಕೂತಿದ್ದೆ, ಚಪ್ಪಲಿ ಮಡಿಲಲ್ಲಿತ್ತು. ಸ್ಕೇಲ್ ಇಲ್ಲದೆಯೇ ಆಫೀಸಿಗೆ ಹೋದೆ. ಒಳಗೆ ಬಂದಿದ್ದರೆ ರೇಲಿಂಗ್ ಹಾಕಿಸಬೇಕಾಗುತ್ತಿತ್ತು. ಈಗ ಹಾಕಿಸದೆ ಬೀಗದ ಕೈ ಕೊಡುವುದಿಲ್ಲ. ಹಾಕಿಸಿದರೆ ಔಷಧಿ ಅಂಗಡಿಯವರು ಹಿಂದೆ ಸರಿಯುತ್ತಾರೆ ಎಂದು ದಲ್ಲಾಳಿ ಹೆದರಿಸುತ್ತಿದ್ದಾನೆ. ಸರಿದರೆ ಸರಿಯಲಿ. ಗೋಡೆಯ ಮೇಲೆ ನಿನ್ನ ಕೈ ಬಿದ್ದ ಎತ್ತರವನ್ನು ಅಳೆದು ಬರೆದಿಟ್ಟುಕೊಂಡಿದ್ದೇನೆ. ವೆಲ್ಡರ್‌ಗೆ ಇನ್ನೂ ಹೇಳಿಲ್ಲ. ನಾಳೆ ಅವನು ಅಂಗಡಿ ತೆರೆಯುವ ಹೊತ್ತಿಗೆ ಹೋಗುತ್ತೇನೆ.