ಕಚ್ಚಿ ನೋಡಿದ ಕಲ್ಲು

ಅಕ್ಕಾ,

ನೀನು ತೀರಿಕೊಂಡರೂ ನಿನಗೆ ವರದಿ ಒಪ್ಪಿಸುವ ಚಟ ನನ್ನನ್ನು ಬಿಟ್ಟಿಲ್ಲ. ಇವತ್ತು ಭೂವಿಜ್ಞಾನ ವಿಭಾಗದಲ್ಲಿ ಎಂ.ಎಸ್ಸಿ. ಸಂದರ್ಶನವಿತ್ತು. ಪ್ರೊಫೆಸರ್ ಮೇಜಿನ ಮೇಲೊಂದು ಬೂದು ಕಲ್ಲಿಟ್ಟು, "ಇದೇನು ಹೇಳಿ ನೋಡೋಣ" ಅಂದರು. ಪಕ್ಕದಲ್ಲೇ ಭೂತಗನ್ನಡಿಯಿತ್ತು. ನಾನು ಅದನ್ನು ಮುಟ್ಟದೆ, ಕಲ್ಲಿನ ಅಂಚನ್ನು ಮೆಲ್ಲಗೆ ಕಚ್ಚಿದೆ. ನಡುರಸ್ತೆಯಲ್ಲೇ ಕಲ್ಲು ಹೆಕ್ಕಿ ಕಚ್ಚಿ ನೋಡುತ್ತಿದ್ದ ನಿನ್ನ ಧೈರ್ಯ ನನಗೆಲ್ಲಿ ಬರಬೇಕು! "ಮನೇಲಿ ಊಟ ಹಾಕಲ್ವೇನೋ ಅಂದ್ಕೋತಾರೆ ಕಣೇ!" ಎಂದು ಅಮ್ಮ ನಿನ್ನನ್ನು ಬೈಯುತ್ತಿದ್ದದ್ದು ನೆನಪಾಗಿ ನಗು ಬಂತು. ಕರಕರ ಎಂದರೆ ಮರಳು, ಜಾರಿದರೆ ಜೇಡಿ ಎಂದು ಹೇಳಿಕೊಟ್ಟಿದ್ದೆಯಲ್ಲ, ಇದು ಬೆಣ್ಣೆಯ ಹಾಗೆ ಜಾರಿತು.

"ಜೇಡಿಗಲ್ಲು ಸರ್."

ಅವರು ಕುರ್ಚಿಗೊರಗಿ ನಕ್ಕರು. "ಓದ್ಕೊಂಡು ಬರೋರು ಬೇಕಾದಷ್ಟಿದ್ದಾರೆ, ಬಾಯಿಗಿಟ್ಟೋರನ್ನ ಇವತ್ತೇ ನೋಡಿದ್ದು. ಯಾರಮ್ಮ ಕಲಿಸಿದ್ದು?"

"ನಮ್ಮಕ್ಕ ಸರ್. ಅವಳೂ ಇಲ್ಲೇ ಸೇರಬೇಕೂಂತಿದ್ಳು. ಆಗ ಅಪ್ಪ ಹೋದ್ರು, ನಾನಿನ್ನೂ ಸ್ಕೂಲಲ್ಲಿದ್ದೆ. ಕೆಲಸಕ್ಕೆ ಸೇರ್ಕೊಂಡ್ಳು."

"ಅದಕ್ಕೇನಂತೆ, ಈಗ್ಲೂ ಕಾಲ ಮಿಂಚಿಲ್ಲ. ಅರ್ಜಿ ಹಾಕೋಕೆ ಹೇಳಿ ಅವರಿಗೆ."

ಅವರ ಮುಖದಲ್ಲಿ ಅಷ್ಟು ಖುಷಿಯಿತ್ತು. "ಹೇಳ್ತೀನಿ ಸರ್" ಎಂದು ಎದ್ದು ಬಂದೆ.

ಕೊಟ್ಟ ಮಾತಿಗೆ ತಪ್ಪಬಾರದಲ್ಲ. ಅಕ್ಕಾ, ನೀನು ಅರ್ಜಿ ಹಾಕಬೇಕಂತೆ.